ಒಪ್ಪದವರ ಚಿತ್ರಗಳಿಗೆ ಬೀಗ: ಒಂದು ಸಂಗ್ರಹ ಸೇವೆಯ ವಿಮರ್ಶೆ

ಛಾಯಾಚಿತ್ರಗಳನ್ನೂ ವಿಡಿಯೋಗಳನ್ನೂ ಅಂತರ್ಜಾಲದಲ್ಲಿ ಕಾಪಿಡುವ ಸೇವೆಯೊಂದಕ್ಕೆ ವರ್ಷವರ್ಷವೂ ಚಂದಾ ಕಟ್ಟುತ್ತ ಬಂದ ಬಳಕೆದಾರನಾಗಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಸೇವೆಯ ಹೆಸರನ್ನು ಹೇಳುತ್ತಿಲ್ಲ, ಏಕೆಂದರೆ ಇಂಥ ಷರತ್ತುಗಳನ್ನು ನಾಳೆ ಯಾವ ಸೇವೆಯಾದರೂ ಒಡ್ಡಬಹುದು. ಎದುರಿಗೆ ಬಂದ ಷರತ್ತು ಬರೀ ದುಬಾರಿಯೋ, ಬರೀ ಕಿರಿಕಿರಿಯೋ, ನಿಜಕ್ಕೂ ಬಲವಂತವೋ ಎಂಬುದನ್ನು ಓದುಗರು ತಾವೇ ಗುರುತಿಸಿಕೊಳ್ಳಲು ಈ ಬರಹದಿಂದ ಅನುಕೂಲವಾಗಬೇಕೆಂಬುದು ನನ್ನ ಉದ್ದೇಶ.

ಮೊದಲು ಮೆಚ್ಚಬೇಕಾದದ್ದನ್ನು ಹೇಳುತ್ತೇನೆ. ಅಪ್‌ಲೋಡ್ ಮಾಡುವಾಗ ಸಂಪರ್ಕ ಕಡಿದರೂ ಕೆಲಸ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಚಿತ್ರಗಳು ಮೂಲ ಗಾತ್ರದಲ್ಲಿಯೇ ಉಳಿಯುತ್ತವೆ. ದಿನಾಂಕ, ಸ್ಥಳ ಮತ್ತು ಮುಖಗಳ ಮೇಲೆ ಹುಡುಕುವ ಸೌಲಭ್ಯ ಚುರುಕಾಗಿದೆ, ಹಳೆಯ ಸಂಗ್ರಹದ ಮಸುಕಾದ ಚಿತ್ರಗಳಲ್ಲಿಯೂ ಅದು ಸಾಕಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ಆ್ಯಪ್ ಇಲ್ಲದ ಹಿರಿಯರಿಗೂ ಒಂದು ಕೊಂಡಿಯ ಮೂಲಕ ಇಡೀ ಆಲ್ಬಂ ತೋರಿಸಬಹುದು. ಸೇವೆಯ ತಾಂತ್ರಿಕ ಗುಣಮಟ್ಟದ ಬಗ್ಗೆ ನನ್ನ ತಕರಾರು ಏನೂ ಇಲ್ಲ.

ತಕರಾರು ಹೊಸ ಷರತ್ತುಗಳ ಪರದೆಯದು. ಆ್ಯಪನ್ನು ತೆರೆದ ಕೂಡಲೇ ಎದುರಾಗುವ ಈ ಪರದೆ ಎರಡು ಸಂಗತಿಗಳಿಗೆ ಒಟ್ಟಿಗೆ ಒಪ್ಪಿಗೆ ಕೇಳುತ್ತದೆ: ನಾವು ಇಟ್ಟಿರುವ ಚಿತ್ರಗಳಲ್ಲಿನ ಮುಖಗಳನ್ನು ಕಂಪನಿ ತನ್ನ ಮುಖಗುರುತು ವ್ಯವಸ್ಥೆಯ ತರಬೇತಿಗೆ ಬಳಸಿಕೊಳ್ಳಬಹುದು ಎಂಬುದು ಒಂದು, ಚಂದಾ ತಾನಾಗಿಯೇ ಮೇಲಿನ ದರ್ಜೆಗೆ ನವೀಕರಣವಾಗುತ್ತದೆ ಎಂಬುದು ಇನ್ನೊಂದು. ಒಂದನ್ನು ಒಪ್ಪಿ ಇನ್ನೊಂದನ್ನು ಬಿಡಲು ಅವಕಾಶವಿಲ್ಲ. ಮೊದಮೊದಲು ‘ಒಪ್ಪುತ್ತೇನೆ’ ಎಂಬ ದೊಡ್ಡ ಗುಂಡಿಯ ಕೆಳಗೆ ‘ಆಮೇಲೆ ನೋಡುತ್ತೇನೆ’ ಎಂಬ ಸಣ್ಣ ಅಕ್ಷರಗಳ ಸಾಲೊಂದಿತ್ತು. ಗಡುವು ಮುಗಿದ ಮೇಲೆ ಅದೂ ಮಾಯವಾಯಿತು. ಅಲ್ಲಿಂದ ಮುಂದೆ, ಒಪ್ಪದವರು ತಮ್ಮ ಚಿತ್ರಗಳನ್ನು ನೋಡಲೂ ಆಗದು, ಡೌನ್‌ಲೋಡ್ ಮಾಡಿಕೊಳ್ಳಲೂ ಆಗದು, ಅಳಿಸಲೂ ಆಗದು. ಇನ್ನೊಂದು ಗಡುವಿನ ನಂತರ ಇಡೀ ಸಂಗ್ರಹವೇ ಅಳಿದುಹೋಗುತ್ತದೆ ಎಂಬ ಎಚ್ಚರಿಕೆಯೂ ಆ ಪರದೆಯ ಮೇಲೆಯೇ ಇತ್ತು. ಇದೆಲ್ಲ ನಡೆದದ್ದು ಮುಂಗಡವಾಗಿ ಕಟ್ಟಿದ್ದ ಚಂದಾದ ಅವಧಿ ಇನ್ನೂ ಮುಗಿಯದಿರುವಾಗಲೇ. ಗ್ರಾಹಕ ಸಹಾಯ ವಿಭಾಗಕ್ಕೆ ಬರೆದರೆ, ಒಪ್ಪುವುದೂ ಬಿಡುವುದೂ ಸಂಪೂರ್ಣವಾಗಿ ನಿಮ್ಮ ಆಯ್ಕೆಗೆ ಬಿಟ್ಟದ್ದು ಎಂಬ ಸೌಜನ್ಯದ ಉತ್ತರ ಬಂದಿತು.

ಈ ವಿಮರ್ಶೆಯ ಉಳಿದ ಭಾಗವೆಲ್ಲ ಆ ಉತ್ತರಕ್ಕೆ ನಾನು ಹೇಳಬೇಕಾದ ಪ್ರತ್ಯುತ್ತರ. ಕಂಪನಿ ಮಾಡಿದ್ದು ಬಲವಂತ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಆ ಪದವನ್ನು ಹಾಗೆಯೇ ಎತ್ತಿ ಎಸೆದು ಸುಮ್ಮನಾಗಲು ನನಗೆ ಇಷ್ಟವಿಲ್ಲ. ಗ್ರಾಹಕರ ವಿಮರ್ಶೆಗಳಲ್ಲಿ ಬೆಲೆ ಏರಿದರೂ ಬಲವಂತ, ಜಾಹೀರಾತು ಬಂದರೂ ಬಲವಂತ, ಗುಂಡಿಯ ಬಣ್ಣ ಬದಲಾದರೂ ಬಲವಂತ ಎಂದು ಬರೆಯುವ ರೂಢಿ ಬೆಳೆದಿದೆ. ಎಲ್ಲದಕ್ಕೂ ಒಂದೇ ಪದ ಬಳಸಿದರೆ, ನಿಜವಾದ ಬಲವಂತದ ದೂರನ್ನೂ ಕಂಪನಿಗಳು ಅದೇ ಗೊಣಗಾಟದ ರಾಶಿಗೆ ಸೇರಿಸಿ ಬದಿಗಿಡುತ್ತವೆ. ಕಾನೂನು ಮತ್ತು ವಾಣಿಜ್ಯದ ಪಠ್ಯಗಳಲ್ಲಿ ಇದೇ ಅರ್ಥಕ್ಕೆ ‘ಬಲಾತ್ಕಾರ’ ಎಂಬ ಪದವೂ ಇದೆ. ದಿನಬಳಕೆಯಲ್ಲಿ ಅದು ಲೈಂಗಿಕ ದೌರ್ಜನ್ಯದ ಅರ್ಥಕ್ಕೆ ವಾಲಿರುವುದರಿಂದ ಇಲ್ಲಿ ಉದ್ದಕ್ಕೂ ‘ಬಲವಂತ’ ಎಂದೇ ಬರೆದಿದ್ದೇನೆ.

ನಿಮ್ಮ ಆಯ್ಕೆ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ, ಅದನ್ನು ಮೊದಲು ಒಪ್ಪಿಕೊಳ್ಳೋಣ. ಒಬ್ಬನ ಕೈ ಹಿಡಿದು ಹೆಬ್ಬೆಟ್ಟು ಒತ್ತಿಸುವುದು ಬೇರೆ, ಅವನೇ ಒತ್ತುವಂತೆ ಮಾಡುವುದು ಬೇರೆ. ಮೊದಲನೆಯದರಲ್ಲಿ ಅವನು ಏನನ್ನೂ ಮಾಡಿಯೇ ಇಲ್ಲ. ಎರಡನೆಯದರಲ್ಲಿ ಮಾಡಿದವನು ಅವನೇ. ಬಲವಂತ ಎಂದು ಸಾಮಾನ್ಯವಾಗಿ ಕರೆಯುವುದು ಈ ಎರಡನೆಯದನ್ನು. ಅರಿಸ್ಟಾಟಲ್ ಇದನ್ನು ಬಹಳ ಹಿಂದೆಯೇ ಎತ್ತಿಕೊಂಡಿದ್ದ. ಬಿರುಗಾಳಿಗೆ ಸಿಕ್ಕ ಹಡಗಿನವರು ಸರಕನ್ನು ಸಮುದ್ರಕ್ಕೆ ಎಸೆಯುತ್ತಾರೆ. ಬುದ್ಧಿ ನೆಟ್ಟಗಿರುವ ಯಾರೂ ಸುಮ್ಮನೆ ಸರಕನ್ನು ಎಸೆಯುವುದಿಲ್ಲ, ಆದರೂ ಎಸೆದವರ ಕೈಗಳು ಅವರವೇ. ಇಂಥ ಕ್ರಿಯೆಗಳನ್ನು ಆತ ಮಿಶ್ರ ಕ್ರಿಯೆಗಳೆಂದು ಕರೆದ. ಅದೇ ಜಾಗದಲ್ಲಿ ಆತ ಕೊಡುವ ಇನ್ನೊಂದು ಉದಾಹರಣೆ, ತಂದೆತಾಯಿ ಮಕ್ಕಳನ್ನು ತನ್ನ ವಶದಲ್ಲಿಟ್ಟುಕೊಂಡು ನೀಚ ಕೆಲಸವೊಂದನ್ನು ಮಾಡೆಂದು ಆಜ್ಞಾಪಿಸುವ ನಿರಂಕುಶ ದೊರೆಯದು. ಬಿರುಗಾಳಿಗೂ ದೊರೆಗೂ ಇರುವ ವ್ಯತ್ಯಾಸದಲ್ಲಿಯೇ ಬಲವಂತದ ತಿರುಳಿದೆ ಎಂದು ನನಗೆ ತೋರುತ್ತದೆ. ಬಿರುಗಾಳಿಗೆ ನಮ್ಮಿಂದ ಏನೂ ಬೇಕಾಗಿಲ್ಲ. ದೊರೆಗೆ ಬೇಕಾಗಿದೆ, ಅದಕ್ಕಾಗಿಯೇ ಆತ ನಮ್ಮ ಮುಂದಿರುವ ದಾರಿಗಳನ್ನು ಒಂದೊಂದಾಗಿ ಮುಚ್ಚುತ್ತ ಬರುತ್ತಾನೆ.

ರೋಮನ್ ನ್ಯಾಯವಿದರೂ ಇದೇ ಗಂಟನ್ನು ಬಿಡಿಸಲು ಹೆಣಗಿದರು. ಸ್ವತಂತ್ರನಾಗಿದ್ದರೆ ನಾನು ಬಯಸುತ್ತಿರಲಿಲ್ಲ, ಆದರೂ ಬಲವಂತಕ್ಕೆ ಒಳಗಾಗಿ ಬಯಸಿದೆ ಎಂಬ, ಅವರಲ್ಲೊಬ್ಬನಾದ ಪೌಲಸ್‌ನ ವಿವರಣೆ ಅವರ ಸಂಗ್ರಹಗಳಲ್ಲಿ ಉಳಿದಿದೆ. ಬಯಕೆ ಇತ್ತು ಎಂದು ಒಪ್ಪಿಕೊಂಡೇ, ಭಯದಿಂದ ಮಾಡಿಸಿದ ವ್ಯವಹಾರವನ್ನು ಮಾನ್ಯ ಮಾಡಲಾಗದು ಎಂಬ ತೀರ್ಮಾನಕ್ಕೆ ಆ ಕಾನೂನು ಬಂದಿತ್ತು. ಗುಂಡಿಯನ್ನು ಒತ್ತಿದ್ದು ನೀವೇ ಅಲ್ಲವೇ ಎಂದು ಇಂದು ಕೇಳುವವರು ಆ ಕಾಲದಲ್ಲಿಯೇ ಉತ್ತರ ಸಿಕ್ಕಿದ್ದ ಪ್ರಶ್ನೆಯನ್ನು ಕೇಳುತ್ತಿದ್ದಾರೆ.

ಹಾಗಾದರೆ ಬಲವಂತವನ್ನು ಗಟ್ಟಿಯಾದ ಚೌಕಾಶಿಯಿಂದ ಬೇರ್ಪಡಿಸುವುದು ಹೇಗೆ? ತತ್ತ್ವಜ್ಞ ರಾಬರ್ಟ್ ನೋಜಿಕ್ 1969ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಇದಕ್ಕೆ ಒಂದು ಅಳತೆಗೋಲನ್ನು ಕೊಟ್ಟಿತು. ಎದುರಿನವರು ಹೇಳುತ್ತಿರುವುದು ಬೆದರಿಕೆಯೋ ಕೊಡುಗೆಯೋ ಎಂದು ತಿಳಿಯಬೇಕಾದರೆ, ಅವರು ಬಾಯಿ ತೆರೆಯದಿದ್ದಲ್ಲಿ ಸಂಗತಿಗಳು ಸಹಜವಾಗಿ ಹೇಗೆ ಸಾಗುತ್ತಿದ್ದವು ಎಂಬುದನ್ನು ಮೊದಲು ನೋಡಬೇಕು. ಆ ನೆಲೆಗಿಂತ ನಮ್ಮನ್ನು ಮೇಲಕ್ಕೆತ್ತುವುದಾದರೆ ಅದು ಕೊಡುಗೆ. ಒಪ್ಪದಿದ್ದರೆ ಆ ನೆಲೆಗಿಂತ ಕೆಳಕ್ಕೆ ತಳ್ಳುತ್ತೇನೆ ಎನ್ನುವುದಾದರೆ ಅದು ಬೆದರಿಕೆ. ‘ಸಹಜವಾಗಿ’ ಎಂಬ ಪದದ ಮೇಲೆ ಆಮೇಲೆ ಸಾಕಷ್ಟು ವಾದ ನಡೆಯಿತು. 1987ರಲ್ಲಿ ತತ್ತ್ವಜ್ಞ ಅಲನ್ ವರ್ಥೈಮರ್ ಈ ವಿಷಯದ ಮೇಲೆ ಇಡೀ ಗ್ರಂಥವನ್ನೇ ಬರೆದು, ಆ ನೆಲೆಯನ್ನು ರೂಢಿಯಿಂದ ಅಳೆಯದೆ ನಮಗೆ ಸಲ್ಲಬೇಕಾದ ಹಕ್ಕಿನಿಂದ ಅಳೆಯಬೇಕು ಎಂದು ವಾದಿಸಿದರು. ನನಗೆ ಈ ತಿದ್ದುಪಡಿ ಸರಿಯೆನಿಸುತ್ತದೆ. ದಿನವೂ ಹೊಡೆಯುವವನು, ಹೇಳಿದಂತೆ ಕೇಳಿದರೆ ನಾಳೆ ಹೊಡೆಯುವುದಿಲ್ಲ ಎಂದಾಗ ಅದನ್ನು ಕೊಡುಗೆ ಎಂದು ಕರೆಯುವುದು ಅನ್ಯಾಯ, ಏಕೆಂದರೆ ಹೊಡೆತವಿಲ್ಲದ ದಿನ ಎದುರಿನವನಿಗೆ ಮೊದಲಿನಿಂದಲೂ ಸಲ್ಲಬೇಕಾದದ್ದು.

ಈ ಅಳತೆಗೋಲನ್ನು ಸೇವೆಯ ಮೇಲಿಟ್ಟು ನೋಡಿದಾಗ ದೂರುಗಳಲ್ಲಿ ಬಹುಪಾಲು ತಾವಾಗಿಯೇ ಉದುರಿಹೋಗುತ್ತವೆ. ಮುಂದಿನ ಅವಧಿಯಿಂದ ದರ ಹೆಚ್ಚಿಸುತ್ತೇವೆ, ಬೇಡವಾದರೆ ಬಿಡಬಹುದು ಎಂಬುದು ಬಲವಂತವಲ್ಲ; ಹಳೆಯ ದರದಲ್ಲಿಯೇ ಎಂದೆಂದಿಗೂ ಸೇವೆ ಪಡೆಯುವ ಹಕ್ಕು ನನಗೆ ಇರಲಿಲ್ಲ. ಮನೆಯ ಮಾಲೀಕರು ಮುಂದಿನ ವರ್ಷದಿಂದ ಬಾಡಿಗೆ ಏರಿಸುವುದು ಅವರ ಅಧಿಕಾರ. ಏರಿಸಿದ ಬಾಡಿಗೆಗೆ ರುಜು ಹಾಕುವವರೆಗೆ ಬಾಡಿಗೆದಾರರ ಪೆಟ್ಟಿಗೆಗಳನ್ನು ಒಳಗಿಟ್ಟು ಬೀಗ ಜಡಿಯುವುದು ಅವರ ಅಧಿಕಾರವಲ್ಲ.

ತೆರೆದಾಗಲೆಲ್ಲ ಅದೇ ಪ್ರಶ್ನೆಯನ್ನು ಕೇಳುವುದು, ‘ನನ್ನ ನೆನಪುಗಳ ಬಗ್ಗೆ ನನಗೆ ಕಾಳಜಿಯಿಲ್ಲ’ ಎಂಬಂಥ ಮುಜುಗರದ ಸಾಲನ್ನು ನಿರಾಕರಣೆಯ ಗುಂಡಿಗೆ ಅಂಟಿಸುವುದು, ಬೇಗ ಒಪ್ಪಿದರೆ ಹೆಚ್ಚುವರಿ ಜಾಗ ಕೊಡುತ್ತೇವೆ ಎನ್ನುವುದು, ಇವೆಲ್ಲವನ್ನೂ ಈ ಸೇವೆ ಮಾಡಿತು. ಇವು ಒತ್ತಡ, ಕುಶಲತಂತ್ರ, ಆಮಿಷ; ಒಂದೊಂದಕ್ಕೂ ಅದರದೇ ಹೆಸರಿದೆ. ಇಂಥ ವಿನ್ಯಾಸಗಳಿಗೆ ‘ಡಾರ್ಕ್ ಪ್ಯಾಟರ್ನ್’ ಎಂಬ ಹೆಸರನ್ನು 2010ರಲ್ಲಿ ವಿನ್ಯಾಸ ತಜ್ಞ ಹ್ಯಾರಿ ಬ್ರಿಗ್ನಲ್ ಕೊಟ್ಟರು. ಭಾರತದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಹೊರಡಿಸಿದ ಮಾರ್ಗಸೂಚಿ ಇಂಥ 13 ತಂತ್ರಗಳನ್ನು ಪಟ್ಟಿ ಮಾಡಿದೆ. ಪದೇಪದೇ ಪೀಡಿಸುವುದು, ನಾಚಿಕೆಪಡಿಸಿ ಒಪ್ಪಿಸುವುದು, ಬಲವಂತದ ಕ್ರಮ ಎಂಬ ಮೂರನ್ನೂ ಅದು ಬೇರೆ ಬೇರೆಯಾಗಿಯೇ ಹೆಸರಿಸಿರುವುದನ್ನು ಗಮನಿಸಬೇಕು. ಆಮಿಷವನ್ನು ಬಲವಂತದಿಂದ ಬೇರೆಯಾಗಿ ಇಡುವ ಶಿಸ್ತು ವೈದ್ಯಕೀಯ ಸಂಶೋಧನೆಯ ಕ್ಷೇತ್ರದಲ್ಲಿ ಇನ್ನೂ ಹಳೆಯದು. ಮನುಷ್ಯರ ಮೇಲಿನ ಪ್ರಯೋಗಗಳ ಬಗ್ಗೆ ಅಮೆರಿಕದಲ್ಲಿ 1979ರಲ್ಲಿ ಪ್ರಕಟವಾದ ಬೆಲ್ಮಾಂಟ್ ವರದಿ, ಹಾನಿ ಮಾಡುವೆನೆಂಬ ಸ್ಪಷ್ಟ ಬೆದರಿಕೆಯಿಂದ ಒಪ್ಪಿಗೆ ಪಡೆಯುವುದನ್ನು ಬಲವಂತವೆಂದೂ, ಅತಿಯಾದ ಅಥವಾ ಅನುಚಿತವಾದ ಪ್ರತಿಫಲ ತೋರಿಸಿ ಒಪ್ಪಿಸುವುದನ್ನು ಅನುಚಿತ ಪ್ರಭಾವವೆಂದೂ ವಿಂಗಡಿಸಿತು. ಎರಡೂ ಒಪ್ಪಿಗೆಯನ್ನು ಕೆಡಿಸುತ್ತವೆ, ಆದರೆ ಕೆಡಿಸುವ ದಾರಿ ಬೇರೆ. ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಹೂಂ ಅಂದವರನ್ನೂ ಹೆದರಿ ಹೂಂ ಅಂದವರನ್ನೂ ನಾವು ಮಾತಿನಲ್ಲಿಯೇ ಬೇರೆಯಾಗಿ ಗುರುತಿಸುತ್ತೇವಲ್ಲ, ಹಾಗೆ.

ಇಷ್ಟನ್ನೂ ಕಳೆದ ಮೇಲೆ ಉಳಿಯುವುದು ಡೌನ್‌ಲೋಡಿಗೆ ಬಿದ್ದ ಬೀಗ. ಚಿತ್ರಗಳು ನನ್ನವು. ಅವುಗಳ ಮೇಲೆ ಕಂಪನಿಗೆ ಇದ್ದದ್ದು ಕಾಯುವ ಕೆಲಸ ಮಾತ್ರ, ಆ ಕೆಲಸದ ಹಣವನ್ನೂ ಮುಂಗಡವಾಗಿ ಪಡೆದಾಗಿತ್ತು. ಹೊಸ ಪರದೆ ಬರುವ ಮುನ್ನ ನಾನಿದ್ದ ನೆಲೆಯಲ್ಲಿ, ಚಂದಾ ಮುಗಿಯುವವರೆಗೆ ಚಿತ್ರಗಳನ್ನು ನೋಡುವ, ಬೇಕೆಂದಾಗ ತೆಗೆದುಕೊಂಡು ಹೊರಡುವ ಹಕ್ಕು ಸೇರಿತ್ತು. ಕಂಪನಿ ಆ ಹಕ್ಕನ್ನೇ ಕಿತ್ತುಕೊಂಡು, ಅದನ್ನು ಮರಳಿ ಕೊಡುವುದಕ್ಕೆ ಒಪ್ಪಿಗೆಯ ಬೆಲೆ ಕಟ್ಟಿತು. ಈ ಹಂತದಲ್ಲಿ ಇದು ವ್ಯಾಪಾರದ ಗಡಿ ದಾಟಿತು.

ಇದೇನೂ ಹೊಸ ತಂತ್ರವಲ್ಲ. ಇಂಗ್ಲೆಂಡಿನಲ್ಲಿ 1731ರಲ್ಲಿ ತೀರ್ಮಾನವಾದ ಆಸ್ಟ್ಲಿ ಮತ್ತು ರೆನಾಲ್ಡ್ಸ್ ನಡುವಿನ ಮೊಕದ್ದಮೆಯಲ್ಲಿ ಒಬ್ಬಾತ 20 ಪೌಂಡಿಗೆ ಬೆಳ್ಳಿಯ ಸಾಮಾನುಗಳನ್ನು ಒತ್ತೆಯಿಟ್ಟಿದ್ದ. ಬಿಡಿಸಿಕೊಳ್ಳಲು ಹೋದಾಗ ಸಾಲ ಕೊಟ್ಟವನು 10 ಪೌಂಡ್ ಬಡ್ಡಿ ಕೇಳಿದ. ಕಾನೂನು ಅನುಮತಿಸುವುದಕ್ಕಿಂತ ಹೆಚ್ಚೇ ಆಗುವ 4 ಪೌಂಡ್ ಕೊಡುತ್ತೇನೆಂದರೂ ಒಪ್ಪಲಿಲ್ಲ. ಬೇರೆ ದಾರಿ ಕಾಣದೆ ಕೇಳಿದ್ದನ್ನೆಲ್ಲ ಕೊಟ್ಟು ಸಾಮಾನು ಬಿಡಿಸಿಕೊಂಡು, ಆಮೇಲೆ ಹೆಚ್ಚುವರಿ ಹಣಕ್ಕೆ ದಾವೆ ಹೂಡಿದ, ಗೆದ್ದ. ಆತ ಹಣವನ್ನು ತಾನಾಗಿಯೇ ಕೊಟ್ಟಿದ್ದಾನೆ, ಬೇಕಿದ್ದರೆ ಸಾಮಾನಿಗಾಗಿಯೇ ಮೊದಲು ನ್ಯಾಯಾಲಯಕ್ಕೆ ಬರಬಹುದಿತ್ತು ಎಂಬ ವಾದವನ್ನು ನ್ಯಾಯಾಲಯ ತಳ್ಳಿಹಾಕಿತು. ಸಾಮಾನು ಅವನಿಗೆ ತಕ್ಷಣವೇ ಬೇಕಾಗಿದ್ದಿರಬಹುದು, ಮೊಕದ್ದಮೆ ಮುಗಿಯುವವರೆಗೆ ಕಾಯುವುದು ಅವನ ಕೆಲಸಕ್ಕೆ ಒದಗದು ಎಂಬುದು ಅದರ ಕಾರಣ. ಸೇವೆ ಇಷ್ಟವಾಗದಿದ್ದರೆ ದೂರು ಕೊಡಬಹುದಿತ್ತಲ್ಲ, ಗುಂಡಿ ಯಾಕೆ ಒತ್ತಬೇಕಿತ್ತು ಎನ್ನುವವರಿಗೆ ಇದಕ್ಕಿಂತ ನೇರವಾದ ಉತ್ತರ ನನಗೆ ತಿಳಿದಿಲ್ಲ. ಎದುರಿಗಿದ್ದುದು ಅಳಿಸಿಹಾಕುವ ಗಡುವು.

ಭಾರತದ ಒಪ್ಪಂದ ಕಾಯ್ದೆ, 1872ರಲ್ಲಿ ಬಂದದ್ದು, ಈ ವಿಷಯದಲ್ಲಿ ಗಮನಿಸಬೇಕಾದಷ್ಟು ಸ್ಪಷ್ಟವಾಗಿದೆ. ಅದರ 15ನೇ ಕಲಂ ಬಲವಂತವನ್ನು ಎರಡು ಬಗೆಯಲ್ಲಿ ಹೇಳುತ್ತದೆ: ದಂಡ ಸಂಹಿತೆ ನಿಷೇಧಿಸಿದ ಕೃತ್ಯವನ್ನು ಎಸಗುವುದು ಅಥವಾ ಎಸಗುತ್ತೇನೆಂದು ಬೆದರಿಸುವುದು ಒಂದು, ಯಾರಿಗೇ ಆಗಲಿ ಬಾಧೆಯಾಗುವಂತೆ ಸ್ವತ್ತನ್ನು ಕಾನೂನುಬಾಹಿರವಾಗಿ ತಡೆಹಿಡಿಯುವುದು ಅಥವಾ ಹಿಡಿಯುತ್ತೇನೆಂದು ಬೆದರಿಸುವುದು ಇನ್ನೊಂದು. ಎರಡರಲ್ಲೂ ಒಪ್ಪಂದ ಮಾಡಿಸುವ ಉದ್ದೇಶ ಇರಬೇಕು. ಹೀಗೆ ಪಡೆದ ಒಪ್ಪಿಗೆಯ ಒಪ್ಪಂದವನ್ನು, ಒಪ್ಪಿಗೆ ಕೊಟ್ಟವರು ಬಯಸಿದರೆ ರದ್ದುಪಡಿಸಬಹುದು ಎನ್ನುತ್ತದೆ 19ನೇ ಕಲಂ. ಒಪ್ಪಂದ ತಾನಾಗಿಯೇ ಬಿದ್ದುಹೋಗುವುದಿಲ್ಲ, ಉಳಿಸಿಕೊಳ್ಳುವ ಅಥವಾ ಬಿಡುವ ಅಧಿಕಾರ ನೊಂದವರ ಕೈಗೆ ಬರುತ್ತದೆ. ಬಲವಂತದಿಂದ ಕಸಿದದ್ದು ತೀರ್ಮಾನದ ಅಧಿಕಾರವನ್ನೇ ಆದ್ದರಿಂದ, ಕಾನೂನು ಮರಳಿ ಕೊಡುವುದೂ ಅದನ್ನೇ. ಈ ನ್ಯಾಯದ ಅಂದ ನನಗೆ ಬಹಳ ಮೆಚ್ಚುಗೆಯಾದದ್ದು.

ಅದೇ ಕಾಯ್ದೆಯ 72ನೇ ಕಲಂ, ಬಲವಂತಕ್ಕೆ ಒಳಗಾಗಿ ಕೊಟ್ಟ ಹಣವನ್ನು ಪಡೆದವರು ಹಿಂದಿರುಗಿಸಬೇಕು ಎನ್ನುತ್ತದೆ. ಅದರ ಜೊತೆಗಿರುವ ಉದಾಹರಣೆ ನಮ್ಮ ಪ್ರಸಂಗಕ್ಕೆ ತೀರ ಹತ್ತಿರವಾದುದು: ರೈಲ್ವೆ ಕಂಪನಿಯೊಂದು ಕಾನೂನುಬಾಹಿರ ಶುಲ್ಕ ಕೊಡದ ಹೊರತು ಸರಕನ್ನು ಬಿಟ್ಟುಕೊಡುವುದಿಲ್ಲ ಎನ್ನುತ್ತದೆ, ಸರಕಿನ ಒಡೆಯ ಅದನ್ನು ಪಡೆಯಲಿಕ್ಕಾಗಿ ಶುಲ್ಕ ಕೊಡುತ್ತಾನೆ, ಅಕ್ರಮವಾಗಿ ಹೆಚ್ಚಾದಷ್ಟನ್ನು ಆತ ವಸೂಲು ಮಾಡಿಕೊಳ್ಳಬಹುದು. ಬೆದರಿಕೆಯ ಮಾತಿಲ್ಲ, ಕೈಯೆತ್ತಿದವರಿಲ್ಲ, ಕೌಂಟರಿನ ಆಚೆ ನಿಂತವರು ಸೌಜನ್ಯವಾಗಿಯೇ ಮಾತನಾಡಿದ್ದಿರಬಹುದು. 1913ರಲ್ಲಿ, ಭಾರತವೂ ಸೇರಿದಂತೆ ಬ್ರಿಟಿಷ್ ಆಳ್ವಿಕೆಯ ನಾಡುಗಳ ಕೊನೆಯ ಮೇಲ್ಮನವಿಗಳನ್ನು ಲಂಡನ್ನಿನಲ್ಲಿ ಕೇಳುತ್ತಿದ್ದ ಪ್ರಿವಿ ಕೌನ್ಸಿಲ್, ಸೇಠ್ ಕನ್ಹಯ್ಯಾ ಲಾಲ್ ಮತ್ತು ನ್ಯಾಷನಲ್ ಬ್ಯಾಂಕ್ ಆಫ್ ಇಂಡಿಯಾ ನಡುವಿನ ಪ್ರಕರಣದಲ್ಲಿ, 72ನೇ ಕಲಮಿನ ಬಲವಂತವನ್ನು 15ನೇ ಕಲಮಿನ ಪರಿಭಾಷೆಗೆ ಕಟ್ಟಿಹಾಕದೆ ಜನಸಾಮಾನ್ಯರ ಬಳಕೆಯ ಅರ್ಥದಲ್ಲಿಯೇ ಓದಬೇಕು ಎಂದಿತು. ಮೊಬೈಲಿನ ಕಡತಗಳು ‘ಸ್ವತ್ತು’ ಎಂಬ ಪದದೊಳಗೆ ಬರುತ್ತವೆಯೇ ಎಂಬಂಥ ಪ್ರಶ್ನೆಗಳು ವಕೀಲರಿಗೂ ನ್ಯಾಯಾಧೀಶರಿಗೂ ಸೇರಿದವು. ಸಾಮಾನ್ಯ ಓದುಗರಿಗೆ ನಾನು ಹೇಳಬೇಕಾದದ್ದು ಇಷ್ಟೇ: ನಮ್ಮದನ್ನೇ ಹಿಡಿದಿಟ್ಟುಕೊಂಡು ನಮ್ಮಿಂದ ಇನ್ನೊಂದನ್ನು ಪಡೆಯುವುದಕ್ಕೆ ಬಲವಂತವೆಂಬ ಹೆಸರು ಇಂದು ನಿನ್ನೆ ಹುಟ್ಟಿದ ಉತ್ಪ್ರೇಕ್ಷೆಯಲ್ಲ.

ಕೆಲವು ಆಕ್ಷೇಪಗಳಿಗೆ ಉತ್ತರಿಸಬೇಕು. ಬೇರೆ ಸೇವೆಗಳಿದ್ದವಲ್ಲ, ಧೈರ್ಯವಾಗಿ ಬಿಟ್ಟು ಹೋಗಬಹುದಿತ್ತಲ್ಲ ಎಂಬುದು ಮೊದಲನೆಯದು. ಬೇರೆ ಸೇವೆಗೆ ಹೋಗಬಹುದಿತ್ತು ನಿಜ, ಹಳೆಯ ಚಿತ್ರಗಳು ಮಾತ್ರ ಬರುತ್ತಿರಲಿಲ್ಲ. ಧೈರ್ಯದ ಮಾತಿಗೂ ಇತಿಹಾಸವಿದೆ: ಅಂಜುಬುರುಕರ ಭಯವನ್ನು ಲೆಕ್ಕಕ್ಕೆ ಹಿಡಿಯಲಾಗದು, ಅತ್ಯಂತ ಸ್ಥಿರಚಿತ್ತರಿಗೂ ಹುಟ್ಟುವಂಥ ಭಯ ಬೇಕು ಎಂದು ರೋಮನ್ ಕಾನೂನು ಒಂದು ಕಾಲಕ್ಕೆ ಕೇಳುತ್ತಿತ್ತು. ಒಪ್ಪಂದ ಕಾಯ್ದೆಯ ವ್ಯಾಖ್ಯೆಯಲ್ಲಿ ನೊಂದವರ ಎದೆಗಾರಿಕೆಯ ಪ್ರಸ್ತಾಪವೇ ಇಲ್ಲ. ಅದು ಕೇಳುವುದು ಎದುರಿನವರು ಏನು ಮಾಡಿದರು, ಯಾವ ಉದ್ದೇಶಕ್ಕೆ ಮಾಡಿದರು ಎಂದು. ಹೀಗೆ ಕಣ್ಣನ್ನು ಹೆದರಿದವರಿಂದ ಹೆದರಿಸಿದವರ ಕಡೆಗೆ ಹೊರಳಿಸಿದ್ದು ದೊಡ್ಡ ಮುನ್ನಡೆ.

ದರ್ಜೆ ಏರಿಸಿಕೊಳ್ಳುವ ಯೋಚನೆ ನಿಮಗೆ ಮೊದಲೇ ಇದ್ದಿರಬಹುದು, ಹಾಗಿದ್ದಲ್ಲಿ ಬಲವಂತವೆಲ್ಲಿ ಎಂಬುದು ಇನ್ನೊಂದು ಆಕ್ಷೇಪ. 1973ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಮಾನಿಸಿದ ಬಾರ್ಟನ್ ಮತ್ತು ಆರ್ಮ್‌ಸ್ಟ್ರಾಂಗ್ ಪ್ರಕರಣ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ನಿಂದ ಬಂದದ್ದು. ಕೊಲೆ ಬೆದರಿಕೆ ಒಂದು ಕಡೆ, ವ್ಯಾಪಾರದ ಲೆಕ್ಕಾಚಾರ ಇನ್ನೊಂದು ಕಡೆ, ಎರಡೂ ಸೇರಿ ಬಾರ್ಟನ್ ರುಜು ಹಾಕುವಂತೆ ಮಾಡಿದ್ದವು. ಬೆದರಿಕೆ ಏಕೈಕ ಕಾರಣವಾಗಬೇಕಿಲ್ಲ, ಕಾರಣಗಳಲ್ಲಿ ಒಂದಾಗಿದ್ದರೆ ಸಾಕು, ಅದು ಏನೇನೂ ಪಾತ್ರ ವಹಿಸಲಿಲ್ಲ ಎಂದು ಸಾಬೀತುಪಡಿಸುವ ಹೊಣೆ ಬೆದರಿಸಿದವರದು ಎಂದು ಬಹುಮತದ ತೀರ್ಪು ಹೇಳಿತು. ಒಂದು ಆ್ಯಪಿನ ಪರದೆಯನ್ನು ಕೊಲೆ ಬೆದರಿಕೆಯ ಸಾಲಿನಲ್ಲಿ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ಜೀತದ ಬಲವಂತ, ಮನೆಯೊಳಗಿನ ಬಲವಂತ, ಸೆರೆಮನೆಯ ಬಲವಂತ ಇವುಗಳ ಮುಂದೆ ಇದು ಬಹಳ ಚಿಕ್ಕದು, ಪದವನ್ನು ಬಳಸುವಾಗ ಆ ಅಂತರ ಮನಸ್ಸಿನಲ್ಲಿರಲೇಬೇಕು. ಚಿಕ್ಕದಾದರೂ ಜಾತಿ ಅದೇ.

ಹಣದ ಮತ್ತು ಅನುಕೂಲದ ಒತ್ತಡವನ್ನು ಬಲವಂತವೆಂದು ಕರೆಯಲು ಜಗತ್ತು ಹಿಂಜರಿದದ್ದೂ ಉಂಟು. 1969ರ ವಿಯೆನ್ನಾ ಸಮಾವೇಶದಲ್ಲಿ ರಾಷ್ಟ್ರಗಳ ನಡುವಿನ ಒಡಂಬಡಿಕೆಗಳ ನಿಯಮಗಳನ್ನು ಬರೆಯುವಾಗ ಈ ಪ್ರಶ್ನೆ ಎದ್ದಿತ್ತು. ಪ್ರತಿನಿಧಿಯನ್ನು ಬೆದರಿಸಿ ಪಡೆದ ಒಪ್ಪಿಗೆಗೆ ಬೆಲೆಯಿಲ್ಲ ಎಂದು 51ನೇ ವಿಧಿಯೂ, ವಿಶ್ವಸಂಸ್ಥೆಯ ಸನ್ನದಿಗೆ ವಿರುದ್ಧವಾದ ಬಲಪ್ರಯೋಗದಿಂದ ಅಥವಾ ಅದರ ಬೆದರಿಕೆಯಿಂದ ಆದ ಒಡಂಬಡಿಕೆ ಅಸಿಂಧು ಎಂದು 52ನೇ ವಿಧಿಯೂ ಹೇಳಿದವು. ಆರ್ಥಿಕ ಮತ್ತು ರಾಜಕೀಯ ಒತ್ತಡವನ್ನೂ ಇದೇ ವಿಧಿಗೆ ಸೇರಿಸಬೇಕೆಂದು ಹಲವು ದೇಶಗಳು ಕೇಳಿದವು. ಅದು ವಿಧಿಯೊಳಗೆ ಬರಲಿಲ್ಲ, ಅಂಥ ಬಲವಂತವನ್ನು ಖಂಡಿಸುವ ಪ್ರತ್ಯೇಕ ಘೋಷಣೆಯಾಗಿ ಉಳಿಯಿತು. ಬಲಶಾಲಿಗಳು ಒತ್ತಡವನ್ನು ವ್ಯವಹಾರವೆನ್ನುತ್ತಾರೆ, ದುರ್ಬಲರು ಅದನ್ನೇ ಬಲವಂತವೆನ್ನುತ್ತಾರೆ, ಆದ್ದರಿಂದ ಗೆರೆ ಎಲ್ಲಿದೆಯೆಂದು ತೋರಿಸುವ ಶ್ರಮ ಯಾವಾಗಲೂ ದುರ್ಬಲರ ಪಾಲಿಗೇ ಬರುತ್ತದೆ.

ಮುಖಗಳ ಬಳಕೆಯ ಷರತ್ತಿಗೆ ಇನ್ನೂ ಕಟ್ಟುನಿಟ್ಟಾದ ಪರೀಕ್ಷೆ ಇದೆ. ಐರೋಪ್ಯ ಒಕ್ಕೂಟದಲ್ಲಿ 2018ರ ಮೇ 25ರಿಂದ ಜಾರಿಯಲ್ಲಿರುವ ದತ್ತಾಂಶ ಸಂರಕ್ಷಣಾ ನಿಯಮಾವಳಿಯ ಪ್ರಕಾರ, ಸೇವೆಗೆ ಅಗತ್ಯವೇ ಇಲ್ಲದ ದತ್ತಾಂಶ ಬಳಕೆಗೆ ಒಪ್ಪಿದರೆ ಮಾತ್ರ ಸೇವೆ ಎಂಬ ಷರತ್ತಿದ್ದರೆ, ಆ ಒಪ್ಪಿಗೆ ಸ್ವತಂತ್ರವಾಗಿತ್ತೇ ಎಂಬುದನ್ನು ತೀರ್ಮಾನಿಸುವಾಗ ಆ ಷರತ್ತನ್ನು ವಿಶೇಷವಾಗಿ ಗಣನೆಗೆ ತೆಗೆದುಕೊಳ್ಳಬೇಕು. ಹಾನಿಯಿಲ್ಲದೆ ನಿರಾಕರಿಸಲಾಗದಿದ್ದರೆ ಒಪ್ಪಿಗೆ ಸ್ವತಂತ್ರವಲ್ಲ. ಹಿಂತೆಗೆಯುವುದು ಕೊಟ್ಟಷ್ಟೇ ಸುಲಭವಾಗಿರಬೇಕು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 6ನೇ ಕಲಮೂ ಒಪ್ಪಿಗೆ ಸ್ವತಂತ್ರವೂ ನಿರ್ದಿಷ್ಟವೂ ಷರತ್ತಿಲ್ಲದ್ದೂ ಆಗಿರಬೇಕು ಎನ್ನುತ್ತದೆ. ಚಿತ್ರ ಕಾಯುವ ಕೆಲಸಕ್ಕೆ ಮುಖಗುರುತು ವ್ಯವಸ್ಥೆಯ ತರಬೇತಿ ಬೇಕಾಗಿಲ್ಲ ಎಂಬುದಕ್ಕೆ, ಅದಿಲ್ಲದೆಯೇ ಈ ಸೇವೆ ಇಷ್ಟು ವರ್ಷ ಚೆನ್ನಾಗಿ ನಡೆದದ್ದೇ ಸಾಕ್ಷಿ. ಆ ಮುಖಗಳಲ್ಲಿ ಮಕ್ಕಳದ್ದೂ ಇವೆ, ತೀರಿಕೊಂಡವರದ್ದೂ ಇವೆ. ಅವರ ಪರವಾಗಿ ಬೆರಳೊತ್ತುವ ಅಧಿಕಾರ ನನಗೆ ಯಾರು ಕೊಟ್ಟರು? ನನ್ನನ್ನು ಹೆಚ್ಚು ನೋಯಿಸಿದ್ದು ಈ ಸಂಗತಿ.

ಬಹಳಷ್ಟು ಬಳಕೆದಾರರು ದೂರಿದ ಮೇಲೆ ಕಂಪನಿ ಸ್ವಲ್ಪ ಕಾಲ ಡೌನ್‌ಲೋಡನ್ನು ಮತ್ತೆ ತೆರೆಯಿತು. ಷರತ್ತನ್ನು ಹಿಂತೆಗೆದುಕೊಳ್ಳಲಿಲ್ಲ, ತಪ್ಪೆಂದು ಒಪ್ಪಲೂ ಇಲ್ಲ. ಕಡತಗಳು ದೊಡ್ಡ ದೊಡ್ಡ ಜಿಪ್ ಗಂಟುಗಳಾಗಿ ಬಂದವು. ಚಿತ್ರಗಳ ಗುಣಮಟ್ಟ ಕೆಟ್ಟಿರಲಿಲ್ಲ, ಕ್ಯಾಮೆರಾ ಬರೆದಿಟ್ಟ ದಿನಾಂಕಗಳೂ ಉಳಿದಿದ್ದವು. ಆಲ್ಬಂಗಳ ಜೋಡಣೆ ಮತ್ತು ನಾವು ಬರೆದಿದ್ದ ಅಡಿಬರಹಗಳು ಮಾತ್ರ ಬೇರೆ ಪಠ್ಯ ಕಡತಗಳಲ್ಲಿ ಚದುರಿಹೋಗಿದ್ದವು. ಅವನ್ನು ಮತ್ತೆ ಚಿತ್ರಗಳಿಗೆ ಹೊಂದಿಸುವುದು ತಾಳ್ಮೆ ಬೇಡುವ ಕೆಲಸ.

ಇದೇ ಪರದೆಯ ಮುಂದೆ ಈಗ ಕುಳಿತಿರುವವರು ಏನು ಮಾಡಬೇಕು? ಪ್ರಿವಿ ಕೌನ್ಸಿಲ್ 1979ರಲ್ಲಿ ಪಾವ್ ಆನ್ ಮತ್ತು ಲಾವ್ ಯೂ ಲಾಂಗ್ ಪ್ರಕರಣದಲ್ಲಿ, ಒಪ್ಪಿಗೆ ಬಲವಂತದ್ದೇ ಎಂದು ತಿಳಿಯಲು ನಾಲ್ಕು ಸಂಗತಿಗಳನ್ನು ನೋಡಬೇಕೆಂದಿತು: ಆತ ಪ್ರತಿಭಟಿಸಿದನೇ, ಆತನಿಗೆ ಉಪಯೋಗಕ್ಕೆ ಬರುವ ಬೇರೆ ದಾರಿ ಇತ್ತೇ, ಸ್ವತಂತ್ರ ಸಲಹೆ ದೊರೆತಿತ್ತೇ, ಆಮೇಲೆ ಅದರಿಂದ ಬಿಡಿಸಿಕೊಳ್ಳಲು ಹೆಜ್ಜೆಯಿಟ್ಟನೇ. ಇದನ್ನು ಹಾಗೆಯೇ ಕೆಲಸಕ್ಕೆ ಇಳಿಸಬಹುದು. ಗುಂಡಿ ಒತ್ತುವ ಮೊದಲು ಪರದೆಯ ಸ್ಕ್ರೀನ್‌ಶಾಟ್ ತೆಗೆದಿಡಿ, ಗಡುವು ಮತ್ತು ಅಳಿಸುವ ಎಚ್ಚರಿಕೆ ಅದರಲ್ಲಿ ಕಾಣುವಂತಿರಲಿ. ಒಪ್ಪಲೇಬೇಕಾದರೆ, ಚಿತ್ರಗಳನ್ನು ಬಿಡಿಸಿಕೊಳ್ಳುವ ಸಲುವಾಗಿ ಮಾತ್ರ, ವಿರೋಧ ಸೂಚಿಸಿ ಒಪ್ಪುತ್ತಿದ್ದೇನೆ ಎಂದು ಅದೇ ದಿನ ಇಮೇಲ್ ಕಳುಹಿಸಿ. ಡೌನ್‌ಲೋಡ್ ಮುಗಿದ ಕೂಡಲೇ ಒಪ್ಪಿಗೆಯನ್ನು ಹಿಂತೆಗೆದು, ಹೆಚ್ಚುವರಿ ಹಣವನ್ನು ಬರವಣಿಗೆಯಲ್ಲಿ ಮರಳಿ ಕೇಳಿ. ತಿಂಗಳುಗಟ್ಟಲೆ ಸುಮ್ಮನಿದ್ದು ಸೇವೆಯನ್ನು ಬಳಸುತ್ತ ಹೋದರೆ, ಒಪ್ಪಿಗೆ ಮನಃಪೂರ್ವಕವಾಗಿತ್ತು ಎಂದು ವಾದಿಸಲು ಅವರಿಗೆ ದಾರಿಯಾಗುತ್ತದೆ.

ಹೊಸದಾಗಿ ಯಾವುದೇ ಸಂಗ್ರಹ ಸೇವೆ ಸೇರುವವರು ಜಾಗದ ಗಾತ್ರಕ್ಕಿಂತ ಮೊದಲು ನಿರ್ಗಮನದ ಷರತ್ತನ್ನು ಓದಬೇಕು: ಖಾತೆ ಅಮಾನತಾದಾಗಲೂ, ಹೊಸ ಷರತ್ತನ್ನು ಒಪ್ಪದಿದ್ದಾಗಲೂ ಡೌನ್‌ಲೋಡ್ ತೆರೆದಿರುತ್ತದೆ ಎಂಬ ಮಾತು ಅದರಲ್ಲಿ ಬರಹದಲ್ಲಿರಬೇಕು.

ತಾಂತ್ರಿಕ ಗುಣಮಟ್ಟವೊಂದನ್ನೇ ನೋಡುವುದಾದರೆ ಈ ಸೇವೆಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತಿದ್ದೆ. ಈಗ ಕೊಡುತ್ತಿರುವುದು ಒಂದು. ಎರಡು ಷರತ್ತುಗಳನ್ನು ಬೇರ್ಪಡಿಸಿ, ಮುಖಗಳ ಬಳಕೆಗೆ ಬೇಡವೆನ್ನಲು ಗುಂಡಿ ಕೊಟ್ಟು, ಒಪ್ಪದವರಿಗೂ ಚಂದಾ ಮುಗಿಯುವವರೆಗೆ ಡೌನ್‌ಲೋಡನ್ನು ತೆರೆದಿಟ್ಟರೆ, ದರ ಈಗಿನಷ್ಟೇ ಹೆಚ್ಚಿದ್ದರೂ ಈ ಅಂಕವನ್ನು ತಿದ್ದುತ್ತೇನೆ.